ಸಾಲವೂ ವಿಶ್ವಾಸಾರ್ಹತೆಯೂ

ಸಾಲವು ಮನೆಯೊಳಗಿನ ಸಂಗತಿ, ಅದು ಹೊರಗಿನವರ ಕಿವಿಗೆ ಬೀಳಬಾರದು ಎಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅಮೇರಿಕೆಯಲ್ಲಿ ನೆಲೆಸಿ, ಅಲ್ಲಿಯ ಪೌರತ್ವವನ್ನು ಪಡೆದು, ಆ ಸರಕಾರದ ಅಥವಾ ರಕ್ಷಣಾ ಗುತ್ತಿಗೆದಾರರ ಕೆಲಸಕ್ಕೆ ಸೇರಬಯಸುವ ನಮ್ಮ ಮಕ್ಕಳಿಗೆ ಈ ಭಾವನೆಯೇ ತೊಡಕಾಗಬಲ್ಲದು. ಏಕೆಂದರೆ ಅಂತಹ ಅನೇಕ ಹುದ್ದೆಗಳಿಗೆ ‘ಸೆಕ್ಯೂರಿಟಿ ಕ್ಲಿಯರೆನ್ಸ್’, ಅಂದರೆ ರಾಷ್ಟ್ರದ ರಹಸ್ಯಗಳನ್ನು ನೋಡಲು ಕೊಡುವ ಭದ್ರತಾ ಅನುಮತಿ, ಅವಶ್ಯಕ. ಅನುಮತಿ ದೊರೆಯದಿದ್ದರೆ ಹುದ್ದೆಯೂ ಇಲ್ಲ.

ಸಾಲಕ್ಕೂ ರಾಷ್ಟ್ರದ ರಹಸ್ಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅಮೇರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ಎಂಬಾತನ ಪ್ರಕರಣವೇ ಇದಕ್ಕೆ ಉತ್ತರ. ವಿವಾಹವಿಚ್ಛೇದನದ ವೆಚ್ಚ, ಮೇಲಿಂದ ಮೇಲೆ ಬೆಳೆದ ಸಾಲ ಇವುಗಳ ಒತ್ತಡದಲ್ಲಿದ್ದ ಆತ 1985ರಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ರಹಸ್ಯಗಳನ್ನು ಮಾರಿದನು. ಮೊದಲ ಬೆಲೆ 50,000 ಡಾಲರು. ಮುಂದೆ 1989ರಲ್ಲಿ 5 ಲಕ್ಷ 40 ಸಾವಿರ ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡರೂ ಯಾರೂ ಸಕಾಲದಲ್ಲಿ ವಿಚಾರಿಸಲಿಲ್ಲ. 1994ರಲ್ಲಿ ಆತ ಸೆರೆಸಿಕ್ಕುವಷ್ಟರಲ್ಲಿ ಆತನಿಂದ ಗುರುತು ಬಯಲಾದ ಹಲವರು ಪ್ರಾಣವನ್ನೇ ಕಳೆದುಕೊಂಡಿದ್ದರು.

1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಭದ್ರತಾ ಅನುಮತಿಯ ಕುರಿತು ಹೊಸ ಆಜ್ಞೆಯನ್ನು ಹೊರಡಿಸಿದರು. 2017ರಲ್ಲಿ ಜಾರಿಗೆ ಬಂದ ಮಾರ್ಗಸೂಚಿಯು ಅಭ್ಯರ್ಥಿಯನ್ನು 13 ದೃಷ್ಟಿಗಳಿಂದ ಪರೀಕ್ಷಿಸಬೇಕೆಂದು ವಿಧಿಸುತ್ತದೆ. ಅವುಗಳಲ್ಲಿ ಆರನೆಯದೇ ಹಣಕಾಸಿನ ನಡತೆ. ಸಾಲ ತೀರಿಸಲಾಗದವನು ಹಣದ ಆಮಿಷಕ್ಕೆ ಒಳಗಾಗಬಹುದೆಂಬುದು ಇಲ್ಲಿಯ ಒಂದು ಆತಂಕ. ಶಕ್ತಿಯಿದ್ದೂ ತೀರಿಸದವನು ನಿಯಮಗಳನ್ನು ಪಾಲಿಸುವನೆಂದು ನಂಬುವುದು ಹೇಗೆ ಎಂಬುದು ಮತ್ತೊಂದು. ಆದಾಯಕ್ಕೆ ಮೀರಿದ, ಕಾರಣ ತಿಳಿಯದ ಸಿರಿವಂತಿಕೆಯೂ ಸಂಶಯಕ್ಕೆ ಎಡೆಮಾಡುತ್ತದೆ.

ಅಭ್ಯರ್ಥಿಯು ತುಂಬುವ ‘ಸ್ಟ್ಯಾಂಡರ್ಡ್ ಫಾರ್ಮ್ 86’ ಎಂಬ ದೀರ್ಘ ಅರ್ಜಿಯಲ್ಲಿ ಹಿಂದಿನ 7 ವರ್ಷಗಳ ಲೆಕ್ಕವನ್ನು ಕೇಳಲಾಗುತ್ತದೆ. ದಿವಾಳಿ ಅರ್ಜಿ ಸಲ್ಲಿಸಿದ್ದುಂಟೆ, ತೆರಿಗೆ ಬಾಕಿಯುಂಟೆ, ಜೂಜಿನಿಂದ ಹಣದ ತೊಂದರೆಯಾಗಿದೆಯೆ, ಯಾವುದಾದರೂ ಸಾಲದ ಕಂತು 120 ದಿನಗಳಿಗೂ ಮೀರಿ ನಿಂತಿದೆಯೆ ಎಂಬ ಪ್ರಶ್ನೆಗಳಿವೆ. ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ತಾನೇ ಪಡೆದ ಸಾಲವಷ್ಟೇ ಅಲ್ಲ, ಜಾಮೀನು ನಿಂತ ಸಾಲವೂ ಈ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಹೊರದೇಶದಲ್ಲಿರುವ ಮಗನನ್ನೋ ಅಳಿಯನನ್ನೋ ಸಾಲದ ಪತ್ರಕ್ಕೆ ರುಜು ಹಾಕೆಂದು ಒತ್ತಾಯಿಸುವ ಹಿರಿಯರು, ಆ ರುಜುವಿನ ಭಾರ ಎಲ್ಲಿಯವರೆಗೆ ಮುಟ್ಟೀತೆಂಬುದನ್ನು ಯೋಚಿಸುವುದು ಒಳ್ಳೆಯದು.

ಹಾಗೆಂದು ಸಾಲವಿದ್ದವರೆಲ್ಲರೂ ಅನರ್ಹರೆಂದು ಭಯಪಡಬೇಕಾಗಿಲ್ಲ. ಮನೆಯ ಸಾಲ, ವಿದ್ಯಾಭ್ಯಾಸದ ಸಾಲ ಇವು ಕ್ರಮವಾಗಿ ತೀರುತ್ತಿದ್ದರೆ ದೋಷವಲ್ಲ. ದಿವಾಳಿಯಾದವನಿಗೂ ಬಾಗಿಲು ತಾನಾಗಿ ಮುಚ್ಚುವುದಿಲ್ಲ. ಕೆಲಸ ಹೋಗುವುದು, ಅನಿರೀಕ್ಷಿತ ಕಾಯಿಲೆ, ಮನೆಯಲ್ಲಿ ಸಾವು, ವಿಚ್ಛೇದನ ಮುಂತಾದ ಕೈಮೀರಿದ ಕಾರಣಗಳನ್ನು ಮಾರ್ಗಸೂಚಿಯೇ ಒಪ್ಪುತ್ತದೆ. ಆದರೆ ಆ ಸಂಕಟದಲ್ಲಿ ಅಭ್ಯರ್ಥಿಯು ಹೊಣೆಯರಿತು ನಡೆದಿರಬೇಕು. ಸಾಲ ಕೊಟ್ಟವರೊಡನೆ ಮಾತನಾಡಿ ಕಂತು ನಿಗದಿಪಡಿಸಿಕೊಂಡದ್ದು, ಅದರಂತೆ ಹಣ ಕಟ್ಟಿದ್ದು, ಹಣಕಾಸಿನ ಸಲಹೆಗಾರರ ನೆರವು ಪಡೆದದ್ದು ಇವೆಲ್ಲ ಅವನ ಪಕ್ಷದಲ್ಲಿ ನಿಲ್ಲುತ್ತವೆ. ರಸೀದಿಗಳೇ ಇಲ್ಲಿ ಸಾಕ್ಷಿ.

ಮುಚ್ಚಿಡುವುದು ಮಾತ್ರ ಸಾಲಕ್ಕಿಂತ ದೊಡ್ಡ ವಿಪತ್ತು. ತನಿಖೆಯವರು ಸಾಲದ ದಾಖಲೆಗಳನ್ನು ತಾವೇ ತರಿಸಿ ನೋಡುತ್ತಾರೆ. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆದರೆ ನಡತೆಯ ದೋಷವೆಂಬ ಬೇರೊಂದು ಆಕ್ಷೇಪಣೆ ಸೇರುತ್ತದೆ, ಸೆರೆಮನೆಯ ಶಿಕ್ಷೆಗೂ ಅವಕಾಶವಿದೆ. ತೀರಿಸಬಹುದಾಗಿದ್ದ ಸಾಲವು ತೀರಿಸಲಾಗದ ಕಳಂಕವಾಗುವುದು ಹೀಗೆ.

ಅನುಮತಿ ಕೊಡಲಾಗದೆಂದು ಕಂಡಾಗ ಆಕ್ಷೇಪಣೆಗಳನ್ನು ಲಿಖಿತವಾಗಿ ಕಳುಹಿಸುತ್ತಾರೆ. ರಕ್ಷಣಾ ಗುತ್ತಿಗೆದಾರರ ನೌಕರರು ಅದಕ್ಕೆ 20 ದಿನಗಳೊಳಗೆ ಉತ್ತರಿಸಬೇಕು. ಅವರು ನ್ಯಾಯಾಧಿಕಾರಿಯ ಮುಂದೆ ವಿಚಾರಣೆಯನ್ನೂ ಕೋರಬಹುದು. ಆದರೆ ಭದ್ರತಾ ಅನುಮತಿ ಯಾರ ಹಕ್ಕೂ ಅಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಹೇಳಿದೆ. ಸಂಶಯ ಉಳಿದರೆ ಅದರ ಲಾಭ ರಾಷ್ಟ್ರಕ್ಕೆ, ಅಭ್ಯರ್ಥಿಗಲ್ಲ. ಅನುಮತಿ ದೊರೆತ ಬಳಿಕವೂ ದಾಖಲೆಗಳ ಮೇಲಿನ ಕಣ್ಣು ತಪ್ಪುವುದಿಲ್ಲ.

ಇಂತಹ ಹುದ್ದೆಯಲ್ಲಿ ಮಕ್ಕಳಿರುವ ಮನೆಗಳಿಗೆ ನಾವು ಹೇಳುವುದಿಷ್ಟೆ. ಅವರು ಕಷ್ಟದಲ್ಲಿದ್ದೇವೆಂದು ಹೇಳಿಕೊಂಡಾಗ ‘ಮರ್ಯಾದೆ ಹೋದೀತು, ಯಾರಿಗೂ ಹೇಳಬೇಡ’ ಎಂದು ಬಾಯಿ ಮುಚ್ಚಿಸದಿರಿ. ಹೇಳಬೇಕಾದಲ್ಲಿ ಹೇಳಿ, ಕಟ್ಟಬೇಕಾದ್ದನ್ನು ಸ್ವಲ್ಪ ಸ್ವಲ್ಪವಾಗಿಯಾದರೂ ಕಟ್ಟುತ್ತ ಬರಲು ಧೈರ್ಯ ಕೊಡಿರಿ. ಅವರ ಅನ್ನವನ್ನೂ ಮಾನವನ್ನೂ ಕಾಯುವ ದಾರಿ ಅದೇ.