ಅಜ್ಜಿಯ ಪ್ಲೇಯರು ಓದುವ ಲಿಪಿ

ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ನವಿ ಮುಂಬಯಿಯಲ್ಲಿ, ನಮ್ಮವರ ಮನೆಗಳ ಕಪಾಟಿನ ಮೇಲೆ ಕೈಯಾಡಿಸಿದರೆ ಒಂದಾದರೂ ವಿಎಚ್‌ಎಸ್ ಕ್ಯಾಸೆಟ್ಟು ಸಿಕ್ಕೀತು. ಡೊಂಬಿವಲಿಯ ನಮ್ಮ ಮನೆಯಲ್ಲಿ ಸಿಕ್ಕಿದ್ದು 1994ರಲ್ಲಿ ಊರಲ್ಲಿ ನಡೆದ ಅತ್ತೆಯ ಮದುವೆ. ಊಟದ ಪಂಕ್ತಿಯಲ್ಲಿ ಕೂತು ಅಜ್ಜ ಚೂರ್ಣಿಕೆ ಹೇಳುತ್ತಾರೆ. ಅಜ್ಜ ಈಗಿಲ್ಲ; ಅವರ ದನಿ ಉಳಿದಿರುವುದು ಆ ಟೇಪಿನಲ್ಲಿ ಮಾತ್ರ.

ಟೇಪಿಗೂ ಆಯುಷ್ಯ ಕಡಿಮೆ, ಅದನ್ನು ಓಡಿಸುವ ಯಂತ್ರಕ್ಕೂ ಕಡಿಮೆ. ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಸಿಗುವ ಆಸೆಯೇ ಇಲ್ಲ. ಕಲ್ಯಾಣದ ಪರಿಚಯದವರಿಂದ ಒಂದು ವಿಸಿಆರ್ ತಂದು, ಕೇಬಲ್ಲು ಹಾಗೂ ಕ್ಯಾಪ್ಚರ್ ಸಾಧನದ ಮೂಲಕ ಚಿತ್ರವನ್ನು ಕಂಪ್ಯೂಟರಿಗಿಳಿಸಿದೆ. ಆ ಫೈಲನ್ನು ಡಿಸ್ಕಿಗೆ ನಕಲು ಮಾಡಿ, ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟ ಮಾವನ ಕೈಲಿ ಕೊಟ್ಟೆ. ಮೂರನೇ ದಿನ ಅಜ್ಜಿಯ ಫೋನು: "ಮಗಾ, ಟಿವಿಯಲ್ಲಿ ಏನೂ ಕಾಣುದಿಲ್ಲ ಮಾರಾಯ!"

ತಪ್ಪು ನನ್ನದೇ. ಹಳೆಯ ಡಿವಿಡಿ ಪ್ಲೇಯರು ಒಂದೇ ಲಿಪಿ ಕಲಿತ ವಿದ್ಯಾರ್ಥಿ. ಚಿತ್ರ ಎಂಪೆಗ್-2 ರೂಪದಲ್ಲಿರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 720 × 576 ಚುಕ್ಕೆ, ಸೆಕೆಂಡಿಗೆ 25 ಚೌಕಟ್ಟು. ಅವೆಲ್ಲ ವಿಡಿಯೋ_ಟಿಎಸ್ ಎಂಬ ಫೋಲ್ಡರಿನಲ್ಲಿ ಕ್ರಮವಾಗಿ ಕೂತಿರಬೇಕು. ನಾನು ಕಳಿಸಿದ್ದು ಎಂಪಿ4 ಫೈಲು. ಕಂಪ್ಯೂಟರು ಓದೀತು, ಅಜ್ಜಿಯ ಪ್ಲೇಯರಿಗೆ ಅದು ಪರಭಾಷೆ. ಹಾಗಾದರೆ ಪೆನ್‌ಡ್ರೈವ್ ಕೊಡಬಹುದಿತ್ತಲ್ಲ ಎನ್ನಬೇಡಿ. ಅದಕ್ಕೆ ಆ ಪ್ಲೇಯರಿನಲ್ಲಿ ಜಾಗವೇ ಇಲ್ಲ.

ಎರಡನೇ ಸಲ ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶ ಹಿಡಿದೆ. ಫೈಲು ಕೊಟ್ಟರೆ ಲಿಪ್ಯಂತರವನ್ನೂ ಫೋಲ್ಡರಿನ ಜೋಡಣೆಯನ್ನೂ ಅದೇ ಮಾಡುತ್ತದೆ. ಇಲ್ಲೊಂದು ಲೆಕ್ಕ ಬೇಕು. ಡಿಸ್ಕಿನಲ್ಲಿ ಹಿಡಿಯುವುದು 470 ಕೋಟಿ ಬೈಟು. ಎರಡು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಮೂರು ಗಂಟೆ ತುರುಕಿದರೆ ಅದು 35 ಲಕ್ಷಕ್ಕಿಳಿದು ಮುಖಗಳು ಚೌಕಚೌಕವಾಗಿ ಒಡೆಯುತ್ತವೆ. ನಮ್ಮದು ಮೂರು ಗಂಟೆಯ ಕ್ಯಾಸೆಟ್ಟು; ಎರಡು ಡಿಸ್ಕಿಗೆ ಹಂಚಿದೆ.

ಬರ್ನ್ ಎಂದರೆ ಬೆಂಕಿಯಲ್ಲ. ಲೇಸರ್ ಕಿರಣ ಡಿಸ್ಕಿನೊಳಗಿನ ಬಣ್ಣದ ಪದರದಲ್ಲಿ ಗುರುತು ಮೂಡಿಸುತ್ತದೆ, ಅಷ್ಟೆ. ಅತಿ ವೇಗ ಬೇಡವೆಂದು ನಾನು ನಡುವಿನ ವೇಗ ಆರಿಸಿದೆ. ಕೊನೆಗೆ 'ಫೈನಲೈಸ್' ಮಾಡಲೇಬೇಕು. ಪ್ರಸಂಗಕ್ಕೆ ಮಂಗಳ ಹಾಡಿದ ಹಾಗೆ. ಅದಿಲ್ಲದಿದ್ದರೆ ನಮ್ಮಲ್ಲಿ ಓಡಿದ ಡಿಸ್ಕು ಇನ್ನೊಬ್ಬರ ಮನೆಯಲ್ಲಿ ಬಾಯಿ ಬಿಡದು. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ತಿರುಗುವಾಗ ತೂಕ ತಪ್ಪುತ್ತದೆ. ಬಿಸಿಲಿಗಿಟ್ಟರೆ ಆ ಬಣ್ಣವೂ ಮಾಸುತ್ತದೆ. ಆದ್ದರಿಂದ ಡಿಸ್ಕೇ ಶಾಶ್ವತವೆಂದು ನಂಬದೆ ಮೂಲ ಫೈಲನ್ನು ಬೇರೆ ಎರಡು ಕಡೆ ಇಟ್ಟಿದ್ದೇನೆ.

ಈ ಸಲವೂ ಅಜ್ಜಿಯ ಫೋನು ಬಂತು. ಚಿತ್ರ ಹೇಗಿದೆ ಎಂದು ಕೇಳುವ ಮೊದಲೇ ಗೊಣಗಿದರು: "ನೋಡು, ಚೂರ್ಣಿಕೆ ಹೇಳ್ತಾ ಕೂತವರ ಎಲೆಗೆ ಪಾಯಸ ಬಡಿಸದೆ ಹೋಗಿದ್ದಾನೆ ಅವ!"

ಗೆಳೆಯರೇ, ನಿಮ್ಮ ಮನೆಯ ಕಪಾಟನ್ನೂ ಈ ಭಾನುವಾರವೇ ಒಮ್ಮೆ ನೋಡಿ.