ಪದವಿಯ ಮುಂದಿನ ಓದು

ವಿಶ್ವವಿದ್ಯಾನಿಲಯಕ್ಕೂ ಅದರ ಪದವೀಧರರಿಗೂ ಇರುವ ಸಂಬಂಧವು ಘಟಿಕೋತ್ಸವದ ದಿನವೇ ಮುಗಿಯತಕ್ಕದ್ದೇ ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1873ರಲ್ಲಿ ತನ್ನ ಅಧ್ಯಾಪಕರನ್ನು ದೂರದ ಪಟ್ಟಣಗಳಿಗೆ ಕಳುಹಿಸಿ ಉಪನ್ಯಾಸಗಳನ್ನು ಕೊಡಿಸತೊಡಗಿತು. ನಮ್ಮಲ್ಲಿ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ಪ್ರಚಾರೋಪನ್ಯಾಸಗಳ ಮೂಲಕ ಅದೇ ಮಾರ್ಗವನ್ನು ಹಿಡಿದು, ಅವನ್ನು ಕನ್ನಡದ ಕಿರುಹೊತ್ತಗೆಗಳಾಗಿ ಪ್ರಕಟಿಸಿತು. ಕುವೆಂಪು ಅವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ (1956-60) ಈ ಕಾರ್ಯಕ್ಕೆಂದೇ ಪ್ರಸಾರಾಂಗವು ಏರ್ಪಟ್ಟಿತು. 1969ರಲ್ಲಿ ಅಲ್ಲಿಯೇ ಅಂಚೆ ತೆರಪಿನ ಶಿಕ್ಷಣ ಆರಂಭವಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು.

ಈಗ ಅಂಚೆಯ ಸ್ಥಾನದಲ್ಲಿ ಅಂತರಜಾಲವು ನಿಂತಿದೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಯೋಜನೆಯ ಪಾಠಕ್ರಮಗಳಿಗೆ ನಾಲ್ಕು ಅಂಗಗಳುಂಟು: ದೃಶ್ಯರೂಪದ ಉಪನ್ಯಾಸ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು ಹಾಗೂ ಪರಸ್ಪರ ಚರ್ಚೆ. ಕಲಿಕೆಗೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾಶುಲ್ಕವನ್ನು ತೆರಬೇಕು. ಇವುಗಳಲ್ಲಿ ನಾಲ್ಕು ವಾರಗಳಷ್ಟು ಚಿಕ್ಕ ಪಾಠಕ್ರಮಗಳೂ ಇವೆ. ಉದ್ಯೋಗ, ಬೇಸಾಯ, ಸಂಸಾರಗಳ ನಡುವೆ ಕಲಿಯುವ ಹಳೆಯ ವಿದ್ಯಾರ್ಥಿಗಳಿಗೆ ಇಂತಹವೇ ಅನುಕೂಲ.

ಆದರೆ ದಾರಿ ತೆರೆದಿದ್ದರೆ ಸಾಲದು. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳ ಅಂತರಜಾಲ ಪಾಠಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, 2017-18ರಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಪೂರ್ಣಗೊಳಿಸಿದವರು ನೂರಕ್ಕೆ ಸುಮಾರು ಮೂವರು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ ಪಾಠದ ಬಾಗಿಲನ್ನೇ ತೆರೆದಿರಲಿಲ್ಲ. ಪ್ರಮಾಣಪತ್ರಕ್ಕಾಗಿ ಹಣ ತೆತ್ತವರಲ್ಲಾದರೋ ಪೂರ್ಣಗೊಳಿಸಿದವರು ನೂರಕ್ಕೆ ಸುಮಾರು ನಲವತ್ತಾರು. ಇದರಿಂದ ಹಣವೇ ಕಲಿಸುತ್ತದೆಂದು ತೀರ್ಮಾನಿಸಲಾಗದು. ಮೊದಲೇ ದೃಢವಾಗಿ ಮನಸ್ಸು ಮಾಡಿದವರೇ ಹಣ ಕಟ್ಟಿರಬಹುದು. ಪೂರ್ಣಗೊಳಿಸದವರೆಲ್ಲ ಏನನ್ನೂ ಕಲಿಯಲಿಲ್ಲವೆಂದೂ ಅಲ್ಲ. ಆದರೂ ಶುಲ್ಕವಿಲ್ಲದ ಪಾಠಕ್ಕೆ ಬೇರೊಂದು ಕಟ್ಟು ಅಗತ್ಯವೆಂಬುದು ಸ್ಪಷ್ಟ.

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಒಬ್ಬ ಪದವೀಧರನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆತ 1995ರಲ್ಲಿ ವಿಜ್ಞಾನದ ಪದವಿಯನ್ನು ಪಡೆದು ಊರಲ್ಲೇ ಬೇಸಾಯ ಮಾಡುತ್ತಿರುವವನು. 2018ರಿಂದ ಬೆಂಗಳೂರಿನ ಬಳಸಿದ ನೀರು, ಎರಡು ಹಂತಗಳ ಸಂಸ್ಕರಣೆಯ ಬಳಿಕ, ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದುಬರುತ್ತಿದೆ. ಬತ್ತಿದ ಕೆರೆಗಳು ತುಂಬಿದ್ದು ಲಾಭವೇ. ಅಷ್ಟು ಸಂಸ್ಕರಣೆ ಸಾಕೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಊರಿನವರು ಬಂದು, ‘ನೀವು ಓದಿದವರು, ಹೇಳಿ’ ಎಂದರೆ ಆತನ ಹಳೆಯ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

ಇಂಥ ಸಂದರ್ಭಕ್ಕೆ ನಾಲ್ಕು ವಾರಗಳ ಕನ್ನಡ ಪಾಠಕ್ರಮವನ್ನು ಸುಲಭವಾಗಿ ರಚಿಸಬಹುದು. ಮೊದಲ ವಾರ ಕೊಳಚೆ ನೀರಿನಲ್ಲಿರುವ ಪದಾರ್ಥಗಳು. ಎರಡನೆಯ ವಾರ ಸಂಸ್ಕರಣೆಯ ಹಂತಗಳು. ಮೂರನೆಯ ವಾರ ಕೆರೆಯ ನೀರು ಗಟ್ಟಿಬಂಡೆಯ ಬಿರುಕುಗಳಲ್ಲಿ ಇಳಿದು ಕೊಳವೆಬಾವಿಯನ್ನು ಸೇರುವ ಬಗೆ. ಕೊನೆಯ ವಾರ ಪ್ರಯೋಗಶಾಲೆಯ ವರದಿಯನ್ನು ಓದುವ ಕ್ರಮ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡು 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಇರಬಹುದು. ಇಷ್ಟನ್ನು ತಿಳಿದವನು ತನ್ನ ಊರಿನ ವರದಿಯನ್ನು ತಾನೇ ಪರಿಶೀಲಿಸಬಲ್ಲನು.

ಇನ್ನು ಕಟ್ಟಿನ ಮಾತು. ಇದೇ ಜಿಲ್ಲೆಯ ಮುಳಬಾಗಿಲಿನ ಡಿ.ವಿ.ಜಿ. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲ. ಆದರೂ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಅಲ್ಲಿ ಅಧ್ಯಯನಗೋಷ್ಠಿಗಳನ್ನು ನಡೆಸಿದರು. ವಯಸ್ಸಾದವರು ಒಟ್ಟಿಗೆ ಕುಳಿತು ಓದುವ ಪದ್ಧತಿಗೆ ನಮ್ಮಲ್ಲೇ ಮೇಲ್ಪಂಕ್ತಿಯುಂಟೆಂದಾಯಿತು. ಅಂತರಜಾಲದ ಪಾಠವನ್ನು ಮನೆಯಲ್ಲಿ ಕೇಳಿದವರು ವಾರಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೂಡಿ ಚರ್ಚಿಸುವಂತಾದರೆ, ಶುಲ್ಕದಿಂದ ಬಾರದ ಕಟ್ಟು ಸಹವಾಸದಿಂದ ಬರುತ್ತದೆ.

ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಪ್ರತಿಯೊಂದು ವಿಭಾಗವೂ ವರ್ಷಕ್ಕೆ ಒಂದು ಕಿರುಪಾಠವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ತನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿಸಿದರೆ ಸಾಕು. ತಾನು ಕೊಟ್ಟ ಪದವಿಯ ಮೌಲ್ಯವನ್ನು ಕಾಪಾಡುವುದೂ ವಿಶ್ವವಿದ್ಯಾನಿಲಯದ ಕರ್ತವ್ಯಗಳಲ್ಲಿ ಒಂದು.