ನಲ್ಲಿ ನೀರು: ಕಣ್ಣಿಗೆ ತಿಳಿ, ಹೊಟ್ಟೆಗೆ?

ನಲ್ಲಿಯಲ್ಲಿ ಬಂದದ್ದೆಲ್ಲ ಶುದ್ಧ ನೀರೆಂದು ನಂಬಬೇಡಿ. 2023ರ ಜುಲೈ ಕೊನೆಯಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಯಿಂದ ನರಳಿದರು; ಕೆಲವರು ಪ್ರಾಣ ಬಿಟ್ಟರು.

ಸಲಗರ ಬುದ್ರುಕವಿರಲಿ, ಸೊಲ್ಲಾಪುರವಿರಲಿ, ನೀರು ಬಿಟ್ಟುಬಿಟ್ಟು ಬರುವಲ್ಲಿ ಈ ಭಯ ಹೆಚ್ಚು. ಬರಿದಾದ ಕೊಳವೆ ಬಿರುಕಿನ ಮೂಲಕ ಪಕ್ಕದ ಚರಂಡಿಯ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಸಾಲಿನ ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಪಂಚಾಯತಿಯಲ್ಲಿ ವಿಚಾರಿಸಿರಿ.

ಮೊದಲು ಬಂದ ನೀರನ್ನು ಗಿಡಗಳಿಗೆ ಹಾಕಿರಿ. ಬಟ್ಟೆಯಲ್ಲಿ ಸೋಸಿದರೆ ಮಣ್ಣು ಹೋದೀತು, ರೋಗಾಣು ಸಾಯವು. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಮುಚ್ಚಿಡಿರಿ. ಭೇದಿ ಕಂಡರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿಸುತ್ತ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.